ಆರಿದ್ರಾ ಮಳೆಯಲ್ಲಿ ಹೂತುಹೋದ ಫಿರಂಗಿಗಳು

ನಮ್ಮ ಕಂಪ್ಯೂಟರ್ ಗೇಮ್ ಆಡುವ ಒಬ್ಬ ಆಟಗಾರ ಕಳಿಸಿದ ಸ್ಕ್ರೀನ್‌ಶಾಟ್ ಇನ್ನೂ ನನ್ನ ಫೋನಿನಲ್ಲಿದೆ. ಹನ್ನೆರಡು ಫಿರಂಗಿ, ಅವನ್ನು ಎಳೆಯುವ ಎತ್ತುಗಳು, ಹಿಂದೆ ಐನೂರು ಕಾಲಾಳು. ಎಲ್ಲವೂ ಇಕ್ಕೇರಿ ದಾರಿಯಲ್ಲಿ ಕೆಸರಿನಲ್ಲಿ ಹೂತು ನಿಂತಿವೆ. ಜೊತೆಗೆ ಅವರು ಬರೆದದ್ದು ಒಂದೇ ಸಾಲು: "ನಿನ್ನೆ ರಾತ್ರಿ ಮಲಗುವಾಗ ಡಿಸೆಂಬರ್ ಇತ್ತು."

ಇದು ಹೇಗಾಯಿತು ಅಂತ ಹೇಳುತ್ತೇನೆ. ತಪ್ಪು ಪೂರ್ತಿ ನಮ್ಮದೇ.

ನಾವು ಮೂರು ಜನ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಹಡಿ ಮೇಲೊಂದು ರೂಮು. ಅಲ್ಲಿ ಕೂತು ಕೆಳದಿ ಅರಸರ ಕಾಲದ ಒಂದು ಯುದ್ಧದ ಗೇಮ್ ಮಾಡುತ್ತಿದ್ದೇವೆ. ಗೆಳೆಯನೊಬ್ಬ ಕೋಡ್ ಬರೆಯುತ್ತಾನೆ, ಇನ್ನೊಬ್ಬಳು ಚಿತ್ರ ಬಿಡಿಸುತ್ತಾಳೆ. ಆಟದ ನಿಯಮ, ಲೆಕ್ಕ, ಚರಿತ್ರೆ ಎಲ್ಲ ನನ್ನ ತಲೆನೋವು. ಆಟ ಶುರುವಾಗುವುದು 1639ರಲ್ಲಿ. ಬಿಜಾಪುರದ ಸೈನ್ಯ ಇಕ್ಕೇರಿಗೆ ನುಗ್ಗಿ ಹೋದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಬಿದನೂರಿಗೆ ತಂದ ಹೊತ್ತು ಅದು. ಈಗಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ನೀವು ಅರಸು. ಬಯಲುಸೀಮೆ ಕಡೆಯಿಂದ ಬಿಜಾಪುರ, ಕರಾವಳಿಯಲ್ಲಿ ಪೋರ್ಚುಗೀಸರು, ನಡುವೆ ನೀವು, ನಿಮ್ಮ ಕಾಡು, ನಿಮ್ಮ ಮೆಣಸು.

ಇದನ್ನು ನಾವು ಬಿಟ್ಟದ್ದು ಅರ್ಲಿ ಆಕ್ಸೆಸ್‌ನಲ್ಲಿ. ಅದು ಗೊತ್ತಿಲ್ಲದವರಿಗೆ ಒಂದು ಮಾತು. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2013ರಿಂದ ಇರುವ ಪದ್ಧತಿ. ಗೇಮ್ ಪೂರ್ತಿ ಮುಗಿಯುವ ಮೊದಲೇ ಮಾರಾಟಕ್ಕಿಡಬಹುದು, ಇದು ಇನ್ನೂ ಮುಗಿದಿಲ್ಲ ಅಂತ ಹೇಳಿಯೇ ಇಡಬೇಕು. ಕೊಂಡವರು ಆಡುತ್ತಾರೆ, ಬೈಯುತ್ತಾರೆ, ನಾವು ತಿದ್ದುತ್ತೇವೆ. ಒಲೆ ಮೇಲಿರುವ ಸಾರನ್ನು ನೆಂಟರಿಗೆ ಸೌಟಿನಲ್ಲಿ ಕೊಟ್ಟು ಉಪ್ಪು ನೋಡಿಸಿದ ಹಾಗೆ. ಆದರೆ ಇಲ್ಲಿ ನೆಂಟರು ದುಡ್ಡು ಕೊಟ್ಟಿರುತ್ತಾರೆ.

ನಾವು ಬಿಡುಗಡೆ ಮಾಡಿದ್ದು ಜೂನ್ ಕೊನೆಯಲ್ಲಿ. ಮಲೆನಾಡಿನವರು ಯಾರಾದರೂ ಮಾಡುವ ಕೆಲಸವೇ ಅದು? ಮೊದಲ ವಾರವೇ ಕರೆಂಟು ಹೋಯಿತು, ಹಿಂದೆಯೇ ಇಂಟರ್‌ನೆಟ್ ಹೋಯಿತು. ಹೊಸ ಬಿಲ್ಡ್, ಅಂದರೆ ಗೇಮಿನ ತಿದ್ದಿದ ಪ್ರತಿ, ಅಪ್‌ಲೋಡ್ ಆಗುತ್ತಾ ಅರ್ಧಕ್ಕೆ ನಿಂತಿತು. ಯುಪಿಎಸ್ ಕುಂಯ್‌ಗುಡುತ್ತಿತ್ತು. ಮಳೆಯ ಮೇಲೇ ಗೇಮ್ ಮಾಡಿದ ನಾವು ಮಳೆ ಬರುತ್ತದೆ ಅನ್ನುವುದನ್ನೇ ಮರೆತಿದ್ದೆವು.

ಹೌದು, ಮಳೆಯ ಮೇಲೆ. ನನ್ನ ಹೆಮ್ಮೆ ಅದೇ ಆಗಿತ್ತು. ಎಷ್ಟೋ ಯುದ್ಧದ ಗೇಮ್‌ಗಳಲ್ಲಿ ಮಳೆ ಅಂದರೆ ಸುಮ್ನೆ ಕಣ್ಣಿಗೆ ಚೆಂದ. ನಮ್ಮದರಲ್ಲಿ ಹಾಗಲ್ಲ. ಮಳೆಗಾಲದಲ್ಲಿ ಫಿರಂಗಿ ಅಲುಗುವುದಿಲ್ಲ. ಮದ್ದು ತೇವ ಹಿಡಿಯುತ್ತದೆ. ಹೇರೆತ್ತುಗಳು ಘಟ್ಟ ಇಳಿಯುವುದಿಲ್ಲ, ಹತ್ತುವುದಿಲ್ಲ. ಚರಿತ್ರೆ ನೋಡಿದರೂ ಅದೇ ತಾನೇ? 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದದ್ದು ಮಳೆಯಿಲ್ಲದ ತಿಂಗಳಲ್ಲಿ. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಅದನ್ನು ಹಿಡಿದ. ಟಿಪ್ಪು ಅದನ್ನು ವಾಪಸ್ ಕಿತ್ತುಕೊಂಡದ್ದು ಅದೇ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುಂಚೆ. ಸೈನ್ಯ ಹೊರಡುವುದಕ್ಕೆ ವಿಜಯದಶಮಿ ಒಳ್ಳೆ ದಿನ ಅಂತ ಹಿಂದಿನವರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ಆದರೆ ಆಡುವವರಿಗೆ ಆಗಿದ್ದು ಬೇರೆ. ಆಗ ನಮ್ಮ ಒಂದು ಟರ್ನ್, ಅಂದರೆ ಆಡುವವನ ಒಂದು ಸರದಿ, ಆಟದ ಒಂದು ತಿಂಗಳಿಗೆ ಸಮ. ಆಟ ಏಪ್ರಿಲ್ ನಡುವೆ ಶುರು. ಎರಡು ಟರ್ನ್ ಮುಗಿಯುವಷ್ಟರಲ್ಲಿ ಮಳೆ. ಆಮೇಲೆ ನಾಲ್ಕು ಟರ್ನ್ ಎಲ್ಲ ಬಂದ್. ಸೈನ್ಯ ಕಳಿಸಲು ಹೋದರೆ 'ದಾರಿಯಿಲ್ಲ'. ವ್ಯಾಪಾರಕ್ಕೆ ಹೋದರೆ 'ದಾರಿಯಿಲ್ಲ'. ಆಡುವವನಿಗೆ ಉಳಿದದ್ದು ಮುಂದಿನ ಟರ್ನ್ ಬಟನ್ ಒತ್ತುವುದು ಮಾತ್ರ. ಇದರ ಮೇಲೆ ಸ್ಟೀಮ್‌ನ ರೀಫಂಡ್ ನಿಯಮ ಬೇರೆ ಇದೆ. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಮ್ಮ ಮೊದಲ ಮಳೆಗಾಲ ಸರಿಯಾಗಿ ಆ ಎರಡು ಗಂಟೆಯೊಳಗೇ ಬರುತ್ತಿತ್ತು. ನಮ್ಮ ಗೇಮಿನ ಅತ್ಯಂತ ಬೇಜಾರಿನ ಭಾಗವನ್ನು ಹುಡುಕಿ ಹುಡುಕಿ ಅಲ್ಲೇ ತಂದಿಟ್ಟ ಹಾಗಿತ್ತು.

ಬಂದ ಸಲಹೆ ಎಲ್ಲ ಒಂದೇ: ಮಳೆ ಕಡಿಮೆ ಮಾಡಿ. ಕೆಲವರು ಮಳೆ ಬೇಡ ಅನ್ನುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಕೊಡಿ ಅಂದರು. ಆಗುಂಬೆಯಲ್ಲಿ ಮಳೆ ಆಫ್ ಮಾಡುವ ಬಟನ್! ನಾನು ಎರಡು ದಿನ ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಮೂರನೇ ದಿನ ನಾಲ್ಕು ಟರ್ನ್ ಮಳೆಯನ್ನು ಎರಡಕ್ಕೆ ಇಳಿಸಿದೆ. ಆಗ ಬಿಜಾಪುರದ ಸೈನ್ಯ ಆಗಸ್ಟ್ ತಿಂಗಳಲ್ಲಿ ಬಿದನೂರಿನ ಬಾಗಿಲಿಗೆ ಬಂದು ನಿಂತಿತು. ಕಾಡಿನ ಕೋಟೆಗಿದ್ದ ಬಲವೇ ಹೋಯಿತು. ಯಾರಿಗೂ ಖುಷಿಯಾಗಲಿಲ್ಲ.

ಆ ವಾರ ಹೊಸನಗರದ ಕಡೆ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ಅಡಿಕೆ ತೋಟದವರು. ಕಂಪ್ಯೂಟರ್ ಗೇಮ್ ಆಡಿದವರಲ್ಲ. ಆದರೆ ಇಸ್ಪೀಟಿನಲ್ಲಿ ಅವರನ್ನು ಸೋಲಿಸಿದವರನ್ನು ನಾನು ನೋಡಿಲ್ಲ. ಲ್ಯಾಪ್‌ಟಾಪ್ ಕೊಟ್ಟು ಪಕ್ಕದಲ್ಲಿ ಕೂತೆ, ಬಾಯಿ ಬಿಡಬಾರದು ಅಂತ ನಿರ್ಧಾರ ಮಾಡಿಕೊಂಡು. ಹೊರಗೆ ಜಡಿಮಳೆ. ಅತ್ತೆ ಹಪ್ಪಳ ಸುಟ್ಟು ತಂದಿಟ್ಟರು.

ಮಾವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎರಡು ಟರ್ನ್ ಆಡಿದರು. ಮೂರನೆಯದಕ್ಕೆ ಮಳೆ ಬಂತು. ಪರದೆ ಬೂದು ಬಣ್ಣಕ್ಕೆ ತಿರುಗಿತು. ಅವರು ಮೌಸ್ ಬಿಟ್ಟು ನನ್ನ ಕಡೆ ನೋಡಿದರು.

"ಎಂತ ಮಾರಾಯ, ಮಳೆಗಾಲ ಬರ್ತದೆ ಅಂತ ನಿನ್ನ ರಾಜನಿಗೆ ಮೊದ್ಲೇ ಗೊತ್ತಿಲ್ವಾ?"

"ಗೊತ್ತಿರತ್ತೆ ಮಾವ."

"ಗೊತ್ತಿದ್ರೆ ಏಪ್ರಿಲ್‌ನಲ್ಲಿ ಎಂತ ಮಾಡ್ತಿದ್ದ? ಸೌದೆ ಒಳಗೆ ಹಾಕಿದ್ನಾ? ಉಪ್ಪು ತರಿಸಿದ್ನಾ? ನೀನು ಕೇಳ್ಲೇ ಇಲ್ಲ ನನ್ನ ಹತ್ರ. ಸುಮ್ನೆ ಮಳೆ ಹೊಯ್ಯಿಸ್ಬಿಟ್ಟೆ."

ಅಷ್ಟು ಹೇಳಿ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರು. ಆ ಹಪ್ಪಳ ಕೂಡ ಬೇಸಿಗೆಯಲ್ಲೇ ಒಣಗಿಸಿ ಡಬ್ಬಿಗೆ ತುಂಬಿದ್ದು ಅಂತ ನನಗೆ ಹೊಳೆದದ್ದು ಬಸ್ಸಿನಲ್ಲಿ ವಾಪಸ್ ಬರುವಾಗ. ಮಲೆನಾಡಿನ ಮಳೆಗಾಲ ಅಂದರೆ ನಾಲ್ಕು ತಿಂಗಳು ಸುಮ್ಮನೆ ಕೂರುವುದಲ್ಲ. ಅದಕ್ಕೂ ಮುಂಚಿನ ಎರಡು ತಿಂಗಳು ಓಡಾಡುವುದು. ಸೌದೆ, ಒಣಎಲೆಯ ದರಗು, ಮಿಡಿ ಉಪ್ಪಿನಕಾಯಿ, ಮಾಡಿನ ಹಂಚು ಸರಿಮಾಡುವುದು. ಕೊಳೆರೋಗ ಬರದ ಹಾಗೆ ಅಡಿಕೆ ಕೊನೆಗೆ ಮೈಲುತುತ್ತ, ಸುಣ್ಣದ ಮದ್ದು ಹೊಡೆಯುವುದು. ನಾನು ಮಳೆಯನ್ನು ಗೇಮಿಗೆ ಹಾಕಿದ್ದೆ. ಮಳೆಗೆ ತಯಾರಾಗುವುದನ್ನು ಹಾಕಿರಲಿಲ್ಲ. ಆಡುವವರು ಮಳೆ ಜಾಸ್ತಿ ಆಯ್ತು ಅಂದದ್ದು ನಿಜ. ಆದರೆ ಅವರಿಗೆ ನಿಜವಾಗಿ ಕಾಡುತ್ತಿದ್ದದ್ದು ಅದು ಹೇಳದೇ ಕೇಳದೇ ಬಂದದ್ದು.

ಹಾಗಾಗಿ ಮಳೆಯನ್ನು ವಾಪಸ್ ನಾಲ್ಕು ತಿಂಗಳಿಗೆ ಏರಿಸಿದೆವು. ಬದಲಿಗೆ ಕ್ಯಾಲೆಂಡರನ್ನೇ ಮುರಿದು ಕಟ್ಟಿದೆವು. ನಮ್ಮ ರೈತರು ಮಳೆಯನ್ನು ತಿಂಗಳಲ್ಲಿ ಎಲ್ಲಿ ಎಣಿಸುತ್ತಾರೆ? ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಅಂತ ನಕ್ಷತ್ರದಲ್ಲಿ ಎಣಿಸುತ್ತಾರೆ. ವರ್ಷಕ್ಕೆ 27, ಒಂದೊಂದು ಹದಿಮೂರು ಹದಿನಾಲ್ಕು ದಿನ. ಒಂದು ಟರ್ನಿಗೆ ಇದಕ್ಕಿಂತ ಒಳ್ಳೆ ಅಳತೆ ಬೇಕಾ? ಏಪ್ರಿಲ್ ನಡುವೆ ಅಶ್ವಿನಿಯಿಂದ ವರ್ಷ ಶುರು. ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಈ ನಾಲ್ಕು ಟರ್ನ್‌ನಲ್ಲಿ ಕರಾವಳಿಯಿಂದ ಉಪ್ಪು ಹತ್ತಿಸಬೇಕು, ಕೋಟೆಗೆ ಅಕ್ಕಿ ತುಂಬಬೇಕು, ಮದ್ದಿನ ಮನೆಗೆ ಮಾಡು ಹೊದಿಸಬೇಕು, ಫಿರಂಗಿ ಒಳಗೆಳೆಯಬೇಕು. ಎಲ್ಲ ಆಗುವುದಿಲ್ಲ, ಯಾವುದನ್ನೋ ಬಿಡಲೇಬೇಕು. ಆಟದ ಮಜಾ ಇರುವುದೇ ಅಲ್ಲಿ. ಹೊಸ ಆಟವನ್ನು ಚಿತ್ತೆಯಿಂದ, ಅಂದರೆ ದಸರಾ ಆಸುಪಾಸಿನಿಂದ ಶುರು ಮಾಡಿದೆವು. ಮೊದಲ ಎರಡು ಗಂಟೆ ಈಗ ಒಣನೆಲ.

ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಶುಕ್ರವಾರ ರಾತ್ರಿ ಟೆಸ್ಟ್ ಮುಗಿಸಿ ಹಾಗೇ ಅಪ್‌ಡೇಟ್ ಬಿಟ್ಟುಬಿಟ್ಟೆವು. ಸ್ಟೀಮ್‌ನಲ್ಲಿ ಅಪ್‌ಡೇಟ್ ತಾನಾಗಿಯೇ ಇಳಿಯುತ್ತದೆ. ಬೆಳಗ್ಗೆ ಆಡಲು ಕೂತವರಿಗೆ ಗೇಮ್ ಬದಲಾಗಿದೆ ಅನ್ನುವುದೇ ಗೊತ್ತಿರಲಿಲ್ಲ.

ಈಗ ಆ ಫಿರಂಗಿಗಳ ವಿಷಯ. ಆಟ ಎಲ್ಲಿಗೆ ನಿಂತಿದೆ ಅಂತ ಬರೆದಿಡುವ ನಮ್ಮ ಸೇವ್ ಫೈಲಿನಲ್ಲಿ ತಾರೀಕು ಇರಲಿಲ್ಲ. ಬರೀ ಟರ್ನ್ ನಂಬರ್ ಇತ್ತು. ಆ ಆಟಗಾರ ಇದ್ದದ್ದು 33ನೇ ಟರ್ನ್‌ನಲ್ಲಿ. ತಿಂಗಳ ಲೆಕ್ಕದಲ್ಲಿ 33 ಅಂದರೆ ಮೂರನೇ ವರ್ಷದ ಒಂಬತ್ತನೇ ತಿಂಗಳು. ಡಿಸೆಂಬರ್ ನಡುವೆ, ದಂಡೆತ್ತಿ ಹೋಗಲು ಹೇಳಿ ಮಾಡಿಸಿದ ಹೊತ್ತು. ಹೊಸ ಲೆಕ್ಕದಲ್ಲಿ, ಅಶ್ವಿನಿಯಿಂದ ಎಣಿಸಿದರೆ, ಅದೇ 33 ಎರಡನೇ ವರ್ಷದ ಆರನೇ ನಕ್ಷತ್ರ. ಅಂದರೆ ಆರಿದ್ರಾ. ಆರಿದ್ರಾ ಮಳೆ ಆರದೇ ಹೊಯ್ಯುತ್ತದೆ ಅಂತ ಗಾದೆಯೇ ಇದೆ. ಪಾಪ, ಅವರ ಸೈನ್ಯ ರಾತ್ರಿ ಚಳಿಯಲ್ಲಿ ಹೊರಟು ಬೆಳಗ್ಗೆ ಆ ಮಳೆಯಲ್ಲಿ ಕಣ್ಣು ಬಿಟ್ಟಿತ್ತು.

ಗೇಮ್ ಕ್ರ್ಯಾಶ್ ಆಗಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಕ್ರ್ಯಾಶ್ ಆದರೆ ಆಡುವವರು ಕೂಡಲೇ ನಿಲ್ಲಿಸುತ್ತಾರೆ, ಹಳೆ ಫೈಲು ಹಾಗೇ ಇರುತ್ತದೆ. ಇದು ನಗುನಗುತ್ತಾ ಲೋಡ್ ಆಯಿತು. ಮುಂದಿನ ಟರ್ನ್ ಒತ್ತಿದ ಕೂಡಲೇ ಆಟೋಸೇವ್ ಹಳೆಯದರ ಮೇಲೇ ಬರೆಯಿತು. ಅಲ್ಲಿಗೆ ಮೂರು ವರ್ಷದ ರಾಜ್ಯ ಹೋಯಿತು. ಸರಿಯಾಗಿ ಬದಲಾಯಿಸಿದ್ದರೆ 33 ಅನ್ನುವುದು 73 ಆಗಬೇಕಿತ್ತು, ಮೂಲ ನಕ್ಷತ್ರ, ಅದೇ ಡಿಸೆಂಬರ್. ಆ ಲೆಕ್ಕ ಬರೆಯಲು ಗೆಳೆಯನಿಗೆ ಆಮೇಲೆ ಅರ್ಧ ದಿನ ಸಾಕಾಯಿತು. ಅರ್ಧ ದಿನ! ಶುಕ್ರವಾರ ಅದನ್ನು ಮಾಡಿ ಶನಿವಾರ ಬಿಡಬಹುದಿತ್ತು.

ಮಳೆ ಹೇಳದೇ ಬಂದರೆ ಆಡುವವರಿಗೆ ಸಿಟ್ಟು ಬರುತ್ತದೆ ಅಂತ ವಾರಗಟ್ಟಲೆ ಕೂತು ಕಲಿತ ಮೇಲೆ, ಆ ಪಾಠವನ್ನೇ ಹೇಳದೇ ಕೇಳದೇ ಅವರ ತಲೆ ಮೇಲೆ ಸುರಿದಿದ್ದೆವು. ಚಿತ್ರ ಬಿಡಿಸುವವಳು ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಈಗ ನಾವು ಮಾಡುವುದು ಇಷ್ಟು. ಪ್ರತಿ ಸೇವ್ ಫೈಲಿನ ಮೊದಲಲ್ಲೇ ಆವೃತ್ತಿ ನಂಬರ್ ಇರುತ್ತದೆ. ಹಳೇದು ಸಿಕ್ಕರೆ ಗೇಮ್ ಮೊದಲು ಅದರ ಒಂದು ಪ್ರತಿ ಎತ್ತಿಟ್ಟು, ಆಮೇಲೆ ಬದಲಾಯಿಸುತ್ತದೆ. ಬದಲಾಯಿಸಲು ಬರದಿದ್ದರೆ 'ಬರುವುದಿಲ್ಲ' ಅಂತ ನೇರವಾಗಿ ಹೇಳುತ್ತದೆ. ದೊಡ್ಡ ಅಪ್‌ಡೇಟ್‌ಗೆ ಮುಂಚೆ ಹಳೆ ಬಿಲ್ಡನ್ನು ಸ್ಟೀಮ್‌ನ ಬೀಟಾ ವಿಭಾಗದಲ್ಲಿ ಉಳಿಸುತ್ತೇವೆ. ತಮ್ಮ ಆಟ ಮುಗಿಸಬೇಕು ಅನ್ನುವವರು ಅಲ್ಲೇ ಇರಬಹುದು. ಎರಡು ವಾರ ಮುಂಚಿನಿಂದ ಗೇಮಿನ ಮೊದಲ ಪರದೆಯಲ್ಲಿ ಒಬ್ಬ ಡಂಗುರದವನು ನಿಂತು ಏನು ಬರುತ್ತದೆ, ಯಾವ ಸೇವ್ ಕೆಡುತ್ತದೆ ಅಂತ ಸಾರುತ್ತಾನೆ. ಒಂದು ನಕ್ಷತ್ರದಷ್ಟು ಸಮಯ. ಶುಕ್ರವಾರ ಏನನ್ನೂ ಬಿಡುವುದಿಲ್ಲ. ಜೂನ್, ಜುಲೈನಲ್ಲಂತೂ ಇಲ್ಲವೇ ಇಲ್ಲ.

ಡಂಗುರದವನ ಮಾತನ್ನು ಕನ್ನಡದಲ್ಲಿ ತೋರಿಸಲು ಹೋಗಿ ಇನ್ನೊಂದು ಫಜೀತಿ ಆಯಿತು. ನಮ್ಮ ಮೊದಲಿನ ಎಂಜಿನ್‌ನಲ್ಲಿ, ಅಂದರೆ ಗೇಮ್ ಕಟ್ಟುವ ತಂತ್ರಾಂಶದಲ್ಲಿ, ಒತ್ತಕ್ಷರ ಕೂರುತ್ತಿರಲಿಲ್ಲ. ಶಿವಪ್ಪ ನಾಯಕ ಹೋಗಿ ಶಿವಪ್‌ಪ ನಾಯಕ ಆಗಿದ್ದ. ಅಷ್ಟು ದೊಡ್ಡ ದೊರೆಯ ಹೆಸರು ನಡುವೆ ಸೀಳಿ ನಿಂತಿತ್ತು. ಗೋಡೋ 4 ಅನ್ನುವ ಎಂಜಿನ್‌ಗೆ ಬಂದ ಮೇಲೆ ಅದು ಸರಿಹೋಯಿತು. ಆ ಕಥೆಗೆ ಇನ್ನೊಂದು ಪೋಸ್ಟೇ ಬೇಕು.

ಸ್ಕ್ರೀನ್‌ಶಾಟ್ ಕಳಿಸಿದವರಿಗೆ ಕ್ಷಮೆ ಕೇಳಿ ಬರೆದೆ. ಅವರ ಫೈಲು ತರಿಸಿಕೊಂಡು, ಟರ್ನ್ ನಂಬರನ್ನು ಕೈಯಿಂದಲೇ ತಿದ್ದಿ ವಾಪಸ್ ಕಳಿಸಿದೆ. ಎತ್ತುಗಳಲ್ಲಿ ಅರ್ಧ ಅಷ್ಟರಲ್ಲೇ ಸತ್ತಿದ್ದವು, ಅವನ್ನು ಬದುಕಿಸಲು ಆಗಲಿಲ್ಲ. ಅವರು ಉಳಿದ ಎತ್ತುಗಳಲ್ಲೇ ಇಕ್ಕೇರಿ ತಲುಪಿದ ಚಿತ್ರ ಕಳಿಸಿದರು.

ಮಾವ ಈಗಲೂ ಆಡುತ್ತಾರೆ. ತೋಟದ ಕೆಲಸ ಮುಗಿದ ಮೇಲೆ, ರಾತ್ರಿ, ಕರೆಂಟು ಇದ್ದರೆ. ಹೋದ ವಾರ ಫೋನ್ ಮಾಡಿದ್ದರು.

"ಎಲ್ಲ ಸರಿ ಮಾರಾಯ. ಇಷ್ಟು ಕಾಡಿದೆ, ಇಷ್ಟು ಮಳೆ ಇದೆ, ಒಂದು ಇಂಬಳ ಇಲ್ವಲ್ಲ? ಬಿಜಾಪುರದವ್ರು ಆರಾಮಾಗಿ ನಡ್ಕಂಡು ಬರ್ತಿದಾರೆ. ಇಂಬಳ ಯಾವಾಗ ಹಾಕ್ತೀಯಾ?"

ಇಂಬಳದ, ಅಂದರೆ ಜಿಗಣೆಯ, ಚಿತ್ರ ಆಗಲೇ ತಯಾರಿತ್ತು. ಆದರೂ ತಾರೀಕು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಡಂಗುರ ಹೊಡಿಸ್ತೀನಿ ಮಾವ," ಅಂದೆ.