ನೆಲದ ಹಕ್ಕಿ ನೋಡಲಿಕ್ಕೆ ಸೊಲ್ಲಾಪುರಕ್ಕೆ

ನಮ್ಮ ಕರಾವಳಿಯ ಪೆರ್ಲದ ಕಡೆ ಹಕ್ಕಿಗಳಿಗೆ ಬರವೇನಿಲ್ಲ. ತೋಟದ ಬದಿಯಲ್ಲಿ ಕಾಡುಕೋಳಿ ಕೆದಕುತ್ತದೆ. ನವಿಲಂತೂ ಅಂಗಳಕ್ಕೇ ಬರುತ್ತದೆ, ತರಕಾರಿ ಬೆಳೆಯುವವರಿಗೆ ಅದೇ ದೊಡ್ಡ ಉಪದ್ರ. ಆದರೆ ನನ್ನ ಹುಚ್ಚು ಬೇರೆ. ಒಣ ಬಯಲಲ್ಲಿ, ಮಣ್ಣಿನ ಬಣ್ಣದಲ್ಲೇ ಅಡಗಿ ಕೂರುವ ಹಕ್ಕಿಗಳು ನನಗೆ ಬೇಕು. ಅಜ್ಜನ ಕಾಲದಲ್ಲಿ ಊರಿನ ಪದವಿಗೆ, ಅಂದರೆ ಕೆಂಪುಕಲ್ಲಿನ ಹುಲ್ಲು ಬಯಲಿಗೆ, ಕೋವಿ ಹಿಡಿದು ಹೋದರೆ ಒಂದು ಹೊತ್ತಿನ ಸಾರು ಮಾಡುವಷ್ಟು ಲಾವುಗೆ ಹಕ್ಕಿ ಸಿಗುತ್ತಿತ್ತಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ನಿಂತಿತು. ಆಮೇಲೆ ಪದವಿಗೆ ಕೆಂಪುಕಲ್ಲಿನ ಕೋರೆ ಬಂತು, ರಬ್ಬರ್ ಬಂತು. ಈಗ ಮೊಮ್ಮಗ ಬೈನಾಕ್ಯುಲರ್ ಹಿಡಿದುಕೊಂಡು ರಾಜ್ಯ ಬಿಟ್ಟು ರಾಜ್ಯಕ್ಕೆ ಹೋಗುತ್ತಾನೆ.

ಈ ಸಲ ಮಾರ್ಚ್ ಶುರುವಿಗೆ ಸೊಲ್ಲಾಪುರದ ಹತ್ತಿರದ ನಾನ್ನಜ್ ಅಭಯಾರಣ್ಯ. ಮಂಗಳೂರಿನಿಂದ ವಿಜಯಪುರಕ್ಕೆ ರೈಲು, ಅಲ್ಲಿಂದ ಬಸ್ಸು. ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಹಿಂದಿಯಲ್ಲಿ ತಡವರಿಸಬೇಕಾಗುತ್ತದೆ ಅಂದುಕೊಂಡಿದ್ದೆ. ಜೊತೆಗೆ ಬಂದ ಹುಡುಗ ಅಕ್ಕಲಕೋಟೆ ಕಡೆಯವನು, ನನಗಿಂತ ಜೋರು ಕನ್ನಡ!

ನಾನ್ನಜ್ ಅಂದರೆ ಎಲ್ಲರೂ ಕೇಳುವುದು ಎರೆಭೂತ, ಇಂಗ್ಲಿಷಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ. ಮರಾಠಿಯವರ ಮಾಳಢೋಕ್. 1979ರಲ್ಲಿ ಈ ಅಭಯಾರಣ್ಯ ಆದದ್ದೇ ಅದಕ್ಕಾಗಿ. ಮೊದಲು 8,496 ಚದರ ಕಿಲೋಮೀಟರ್ ಅಂತ ಗೆರೆ ಎಳೆದರು. ಊರು, ಹೊಲ ಎಲ್ಲ ಅದರೊಳಗೆ ಬಂತು. ಸ್ವಂತ ಜಮೀನು ಮಾರಲಿಕ್ಕೂ ತಾಪತ್ರಯ ಅಂದರೆ ಜನ ಸುಮ್ನೆ ಇರ್ತಾರಾ? ಆಮೇಲೆ 1,222ಕ್ಕೆ ಇಳಿಸಿದರು. ಸುತ್ತ ನೀರಾವರಿ, ಕಬ್ಬು. ಎರೆಭೂತ ಕಾಣುವುದು ಈಗ ಕನಸಿನ ಮಾತು. ಅದೊಂದನ್ನೇ ಪಟ್ಟಿಯಲ್ಲಿ ಬರೆದುಕೊಂಡು ಬಂದವರು ಮುಖ ಸಪ್ಪೆ ಮಾಡಿಕೊಂಡು ವಾಪಸ್ ಹೋಗುತ್ತಾರೆ. ನನ್ನನ್ನು ಕೇಳಿದರೆ, ಅದನ್ನು ಮರೆತು ನೀರಿನ ಹತ್ತಿರ ಹೋಗಿ ಕೂರಬೇಕು.

ನಾವು ಕೂತಿದ್ದು ಒಂದು ಸಣ್ಣ ಹೊಂಡದ ಪಕ್ಕ, ಜಾಲಿ ಗಿಡದ ಮರೆಯಲ್ಲಿ. ಬಿಸಿಲು ಏರುತ್ತಿತ್ತು. ಗೌಜಲಹಕ್ಕಿಗಳು ದೂರದಲ್ಲಿ ಕೂಗಿ ಕೂಗಿ ಸುಸ್ತಾಗಿದ್ದವು. ನಾನು ಎದ್ದು ಕಾಲು ಚಾಚಲು ಹೊರಟೆ.

"ಸರ, ಸುಮ್ ಕುಂದರ್ರಿ. ಈಗ ಬರ್ತಾವ."

ಬಂದವು. ಸ್ಯಾಂಡ್‌ಗ್ರೌಸ್, ಹೊಟ್ಟೆ ಕಂದು, ಬಾಲ ಸೂಜಿ. ಗಾತ್ರ ಪಾರಿವಾಳದಷ್ಟು, ಕಾಲು ಮಾತ್ರ ಗಿಡ್ಡ. ಒಮ್ಮೆಲೇ ನೀರಿಗೆ ಇಳಿಯುವುದಿಲ್ಲ. ಸ್ವಲ್ಪ ದೂರದಲ್ಲಿ ಕೂತು, ನಾಯಿ ಉಂಟಾ, ಡೇಗೆ ಉಂಟಾ ನೋಡಿ, ಆಮೇಲೆ ಗುಡುಗುಡು ನಡೆದು ಬರುತ್ತವೆ. ಹೆಚ್ಚಿನವು ಗಬಗಬ ಕುಡಿದು ಹಾರಿದವು. ಒಂದು ಗಂಡು ಮಾತ್ರ ಉಳಿಯಿತು. ಹೊಟ್ಟೆ ಮುಳುಗುವಷ್ಟು ನೀರಿಗೆ ಇಳಿಯಿತು, ಗರಿ ಉಬ್ಬಿಸಿತು, ಮೈಯನ್ನು ಮೇಲೆ ಕೆಳಗೆ ಕುಲುಕಿಸಿತು. ಕುಡಿಯುತ್ತಿಲ್ಲ, ತುಂಬಿಸಿಕೊಳ್ಳುತ್ತಿದೆ! ಇದರ ಹೊಟ್ಟೆಯ ಗರಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಎಲ್ಲೋ ಬಯಲಲ್ಲಿ ಮರಿಗಳಿವೆ. ಅಪ್ಪ ಹೋಗಿ ನಿಂತರೆ ಅವು ಗರಿಯಿಂದಲೇ ನೀರು ಹೀರಿ ಕುಡಿಯುತ್ತವೆ. ಓದಿ ಗೊತ್ತಿತ್ತು. ಕಣ್ಣಾರೆ ನೋಡುವಾಗ ಕ್ಯಾಮೆರಾದ ಬಟನ್ ಒತ್ತಲಿಕ್ಕೂ ನೆನಪಾಗಲಿಲ್ಲ.

ಇಂಥ ನೆಲಕ್ಕೆ ಸರ್ಕಾರಿ ದಾಖಲೆಯಲ್ಲಿ ಬಂಜರು ಅಂತ ಬರೆಯುವುದುಂಟು. ಮರ ಇಲ್ಲದ್ದೆಲ್ಲ ಬಂಜರಾ? ಗಿಡ ನೆಟ್ಟು ಹಸಿರು ಮಾಡಿದರೆ ಈ ಹಕ್ಕಿಗಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನಮ್ಮ ಪದವಿನ ಕಥೆಯೂ ಅದೇ ಅಲ್ವಾ?

ಹೋಗುವವರು ಹಸಿರು, ಬಿಳಿ ಅಂಗಿ ಬೇಡ. ಒಣಹುಲ್ಲಿನ ಬಣ್ಣದ್ದು ಹಾಕಿ. ನೀರು ಜಾಸ್ತಿ ಒಯ್ಯಿರಿ. ಗೂಡು ಹುಡುಕಲು ಹುಲ್ಲಿನೊಳಗೆ ಕಾಲಿಡಬೇಡಿ, ಮೊಟ್ಟೆ ಬರಿನೆಲದ ಮೇಲೇ ಇರುತ್ತದೆ.

ಮಳೆ ಬಿದ್ದ ಮೇಲೆ ಬನ್ನಿ, ಲಾವುಗೆ ಕೂಗು ಕೇಳಿಸ್ತೀನಿ ಅಂದಿದ್ದಾನೆ ಹುಡುಗ. ಆಗ ನಮ್ಮಲ್ಲಿ ಅಡಿಕೆಗೆ ಮದ್ದು ಬಿಡುವ ಸಮಯ. ಮನೆಯವಳ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ.