ಆಷಾಢದ ಭಾನುವಾರಗಳು

ಆಷಾಢ ಬಂತೆಂದರೆ ನಮ್ಮ ಕಡೆ ಛತ್ರಗಳಿಗೆ ಬೀಗ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ನಿಶ್ಚಿತಾರ್ಥವನ್ನೂ ಶ್ರಾವಣಕ್ಕೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಒಂದೇ ಭಾನುವಾರಕ್ಕೆ ಎರಡೆರಡು ಮುಹೂರ್ತ ಬಿದ್ದು, ಒಂದು ಕಡೆ ಧಾರೆಗೂ ಇನ್ನೊಂದು ಕಡೆ ಊಟಕ್ಕೂ ಓಡಾಡಿರುತ್ತೇನೆ. ಆಷಾಢದಲ್ಲಿ ಮಾತ್ರ ಭಾನುವಾರಗಳು ಇಡಿಯಾಗಿ ನನ್ನ ಕೈಗೆ ಸಿಗುತ್ತವೆ. ದೂರದ ಸೈಕಲ್ ಸವಾರಿಗೆ ತಯಾರಾಗುವವರಿಗೆ ಒಳ್ಳೆಯ ಸೈಕಲ್, ಕಾಲಿನ ಬಲ ಎರಡಕ್ಕಿಂತ ಮೊದಲು ಬೇಕಾದದ್ದು ಇಂಥ ಇಡೀ ದಿನಗಳು. ಯಾವ ಶುಭಕಾರ್ಯಕ್ಕೂ ಆಗದ ತಿಂಗಳು ಎಂದು ಎಲ್ಲರೂ ಬಿಟ್ಟುಕೊಟ್ಟ ಈ ಆಷಾಢವೇ ನನ್ನ ವರ್ಷದಲ್ಲಿ ಅತ್ಯಂತ ಹೆಚ್ಚು ಕೆಲಸ ಆಗುವ ತಿಂಗಳು.

ನನಗೀಗ 44. ಮೈಸೂರಿನಲ್ಲಿ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ದ್ವಿತೀಯ ಪಿಯುಸಿ ಓದುವ ಮಗಳು. ಸೆಪ್ಟೆಂಬರಿನಲ್ಲಿ 600 ಕಿಲೋಮೀಟರಿನ ಬ್ರೆವೆ ಇದೆ, ಹೆಸರು ಕೊಟ್ಟಿದ್ದೇನೆ.

ಬ್ರೆವೆ ಗೊತ್ತಿಲ್ಲದವರಿಗೆ ಎರಡು ಮಾತು. ಬಿಆರ್‌ಎಂ ಅಂತಲೂ ಕರೆಯುತ್ತೇವೆ. ಪ್ಯಾರಿಸ್ಸಿನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಜಗತ್ತಿನಾದ್ಯಂತ ನಡೆಯುವ ದೂರದ ಸವಾರಿಗಳಿವು. ನಮ್ಮ ದೇಶದಲ್ಲಿ ನೋಡಿಕೊಳ್ಳುವುದು ಆಡಾಕ್ಸ್ ಇಂಡಿಯಾ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ, ಅಂದರೆ ನವೆಂಬರಿನಿಂದ ಮುಂದಿನ ಅಕ್ಟೋಬರಿನೊಳಗೆ ಮುಗಿಸಿದವರು ಸೂಪರ್ ರಾಂಡೊನರ್. ಇದು ರೇಸ್ ಅಲ್ಲ. ಮೊದಲು ಬಂದವರಿಗೂ ಕೊನೆಯ ನಿಮಿಷಕ್ಕೆ ಬಂದವರಿಗೂ ದಾಖಲೆಯಲ್ಲಿ ಒಂದೇ ಮರ್ಯಾದೆ. ಆದರೆ ದಾರಿಯುದ್ದಕ್ಕೂ ನಿಮ್ಮನ್ನು ನೀವೇ ನೋಡಿಕೊಳ್ಳಬೇಕು. ನಮ್ಮ ಮನೆಯವರು ಕಾರಿನಲ್ಲಿ ಹಿಂದೆ ಬರುತ್ತೇನೆ ಎಂದಿದ್ದರು, ಅದಕ್ಕೆ ಅವಕಾಶವಿಲ್ಲ. ಕಂಟ್ರೋಲ್ ಎಂದು ಗೊತ್ತುಮಾಡಿದ, ಗಡುವಿನೊಳಗೆ ಬಂದದ್ದಕ್ಕೆ ಮುದ್ರೆ ಹಾಕುವ ಜಾಗಗಳಲ್ಲಿ ಬಂದು ಸಹಾಯ ಮಾಡಬಹುದು, ನಡುವೆ ಪಂಕ್ಚರ್ ಆದರೂ ಹಸಿವಾದರೂ ನನ್ನದೇ ಪಾಡು. ಈ ನಿಯಮ ನನಗೆ ತುಂಬಾ ಇಷ್ಟ.

ಈ ಸೀಸನ್ನಿನ 200, 300, 400 ಆಗಿವೆ. ಉಳಿದದ್ದು 600.

ಆಷಾಢ ಭಾನುವಾರಗಳನ್ನು ಕೊಡುತ್ತದೆ, ಅದರ ಜೊತೆಗೆ ಗಾಳಿಯನ್ನೂ ಕೊಡುತ್ತದೆ. ಮೈಸೂರಿನಿಂದ ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ರಸ್ತೆ ದಕ್ಷಿಣಕ್ಕೆ ಹೋಗುತ್ತದೆ, ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ. ಬೇಗೂರು ಹತ್ತಿರವಾದಂತೆ ಮರಗಳು ಕಡಿಮೆಯಾಗಿ ಎರಡೂ ಕಡೆ ಬಯಲಾದಾಗ ಅದು ಓರೆಯಾಗಿ ಎದೆಗೆ ಬಡಿಯುತ್ತದೆ. ಬೇರೆ ತಿಂಗಳಲ್ಲಿ ಗಂಟೆಗೆ 24ರಲ್ಲಿ ಸಾಗುವ ಜಾಗದಲ್ಲಿ 16 ದಾಟುವುದಿಲ್ಲ. ಜೊತೆಯ ಹುಡುಗಿಯರು ಹೊಸದಾಗಿ ಬಂದಾಗ ಮೀಟರಿನ ವೇಗ ನೋಡಿಯೇ ಅರ್ಧ ಸೋತುಬಿಡುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ವೇಗ ತೋರಿಸುವ ಪುಟ ಮುಚ್ಚಿ, ಎದೆಬಡಿತ ಮಾತ್ರ ನೋಡಿ. ನನ್ನದು ನಿಮಿಷಕ್ಕೆ 135ರ ಒಳಗಿದ್ದರೆ ಪೂರ್ತಿ ವಾಕ್ಯ ಮಾತಾಡುತ್ತಾ ತುಳಿಯಬಲ್ಲೆ. ಉಸಿರು ಕಟ್ಟಿ ಎರಡೆರಡೇ ಪದ ಬರತೊಡಗಿದರೆ ಗೇರ್ ಇಳಿಸುತ್ತೇನೆ. ಗಾಳಿಗೆ ಎದುರಾಗಿ ನಾಲ್ಕು ಗಂಟೆ ಹೀಗೆ ತಾಳ್ಮೆಯಿಂದ ತುಳಿದರೆ ಆಗುವ ಕೆಲಸ, ಬೆನ್ನಗಾಳಿಯಲ್ಲಿ ಹಾರಿಕೊಂಡು ಮಾಡಿದ 100 ಕಿಲೋಮೀಟರಿನಲ್ಲಿ ಆಗುವುದಿಲ್ಲ. ದೂರದ ಸವಾರಿಗೆ ಬೇಕಾದ ದಮ್ಮು ಬೆಳೆಯುವುದು ಈ ಸುಲಭದ ಉಸಿರಿನಲ್ಲೇ. ವಾರದ ಹೆಚ್ಚಿನ ಗಂಟೆಗಳು ನಿಧಾನಕ್ಕೇ ಮೀಸಲು.

ಗುಂಡ್ಲುಪೇಟೆ ಸುತ್ತ ಈಗ ಚೆಂಡುಹೂವು, ಸೂರ್ಯಕಾಂತಿ. ಕಣ್ಣಿಗೆ ಹಬ್ಬವೇ ಸರಿ, ಆದರೆ ಫೋಟೋಕ್ಕೆಂದು ಕಾರುಗಳು ಹೇಳದೆ ಕೇಳದೆ ಎಡಕ್ಕೆ ಎಳೆದು ನಿಲ್ಲುತ್ತವೆ, ಬಾಗಿಲು ತಟ್ಟನೆ ತೆರೆಯುತ್ತಾರೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ನಾವು ಆ ಕಡೆ ಹೋಗುವುದೇ ಇಲ್ಲ, ಗುಂಡ್ಲುಪೇಟೆಯಲ್ಲಿ ತಿರುಗಿಸುತ್ತೇವೆ. ಬೆಂಗಳೂರು ಕಡೆಗೆ ಹೋಗುವುದಾದರೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ ಒಂದರಿಂದ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯೇ ಗತಿ. ಅದರಲ್ಲಿ ಎದುರಿನಿಂದ ಬರುವ ವಾಹನಗಳನ್ನು ಗಮನಿಸುವುದರಲ್ಲೇ ಅರ್ಧ ಜೀವ ಹೋಗುತ್ತದೆ. ನನ್ನ ಮಟ್ಟಿಗೆ ನಂಜನಗೂಡು ರಸ್ತೆ, ಇಲ್ಲವೇ ಪಾಂಡವಪುರದ ಮೇಲೆ ಮೇಲುಕೋಟೆ. ಮೇಲುಕೋಟೆಯಾದರೆ ಕೊನೆಯ ಏರು ಮುಗಿದ ಮೇಲೆ ಪುಳಿಯೋಗರೆ ಇದೆ.

ವಾರದ ದಿನಗಳಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಆರೂವರೆಗೆ ವಾಪಸ್ ಬಂದು ಅಡುಗೆಮನೆ. ಬುಧವಾರ ಚಾಮುಂಡಿ ಬೆಟ್ಟ. ಬುಡದಿಂದ ಸುಮಾರು 300 ಮೀಟರ್ ಏರಿಕೆ, ಕೂತೇ ಹತ್ತಬೇಕು ಎಂದು ನನಗೆ ನಾನೇ ಹಾಕಿಕೊಂಡ ನಿಯಮ. ಮೊದಲು ಬೆಟ್ಟದ ದಿನ ಶುಕ್ರವಾರವಿತ್ತು. ಆಷಾಢ ಶುಕ್ರವಾರ ತಾಯಿಯ ದರ್ಶನಕ್ಕೆ ಊರಿಗೆ ಊರೇ ಬೆಟ್ಟಕ್ಕೆ ಬರುವಾಗ ಅಲ್ಲಿ ಸೈಕಲ್ಲಿಗೇನು ಕೆಲಸ? ಆ ದಿನ ವಿಶ್ರಾಂತಿ ಇಟ್ಟುಕೊಂಡು, ಮೆಟ್ಟಿಲು ಹತ್ತಿ ದೇವರಿಗೆ ಕೈಮುಗಿದು ಬರುತ್ತೇನೆ. ವಾರಕ್ಕೆರಡು ಸಂಜೆ ಕಾಲು, ಸೊಂಟದ ವ್ಯಾಯಾಮ. ಜಿಮ್ಮಿಗೆ ಹೋಗಲು ಹೊತ್ತಿಲ್ಲ, 25 ಕಿಲೋ ಅಕ್ಕಿ ಮೂಟೆ ತಬ್ಬಿಕೊಂಡು ಕೂತು ಏಳುತ್ತೇನೆ. ಅಕ್ಕಿ ಮುಗಿಯುತ್ತಾ ಬಂದಾಗ ರಾಗಿ ಚೀಲವನ್ನೂ ಜೊತೆಗೆ ಸೇರಿಸಬೇಕಾಗುತ್ತದೆ.

ರಾತ್ರಿ ಒಂಬತ್ತಕ್ಕೆ ದೀಪ ಆರಬೇಕು. ಇದನ್ನು ಸಾಧ್ಯ ಮಾಡಿದ್ದು ನಮ್ಮತ್ತೆ. ಅವರ ಧಾರಾವಾಹಿ ಒಂಬತ್ತರ ನಂತರವೂ ಇರುತ್ತದೆ. ನಾನೇನೂ ಕೇಳಿರಲಿಲ್ಲ, ಒಂದು ದಿನ ಅವರೇ ಮೊಮ್ಮಗಳ ಹತ್ತಿರ ಕೇಳಿ ಕಿವಿಗೆ ಹಾಕಿಕೊಳ್ಳುವುದನ್ನು ತರಿಸಿಕೊಂಡರು. "ನೀನು ಮಲ್ಕೊಳಮ್ಮ, ನಿದ್ದೆಗೆಟ್ಟು ರಸ್ತೆಗಿಳಿಬಾರ್ದು" ಅಂದರು. ತರಬೇತಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ದಾರಿಯ ತಿನಿಸೂ ಅವರದೇ. ಹುರಿಹಿಟ್ಟಿಗೆ ಬೆಲ್ಲದ ಪುಡಿ, ಒಣಕೊಬ್ಬರಿ, ಹುರಿದ ಕಡಲೆಕಾಯಿ ಬೀಜ ಸೇರಿಸಿ, ಚೂರು ತುಪ್ಪ ಹಾಕಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿಕೊಡುತ್ತಾರೆ. ಹ್ಯಾಂಡಲಿನ ಹಿಂದಿನ ಚಿಕ್ಕ ಚೀಲದಲ್ಲಿ ಬೆಣ್ಣೆ ಕಾಗದ ಸುತ್ತಿ ಇಟ್ಟುಕೊಂಡರೆ ನಿಲ್ಲಿಸದೆಯೇ ತಿನ್ನಬಹುದು. ಉದ್ದ ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಆಸುಪಾಸು ಪಿಷ್ಟ, ಸಕ್ಕರೆ ಒಳಗೆ ಹೋಗುತ್ತಿರಬೇಕು. ಪೊಟ್ಟಣದ ಜೆಲ್‌ಗಳು ನನಗೆ ಸೇರುವುದಿಲ್ಲ. ಏಲಕ್ಕಿ ಬಾಳೆಹಣ್ಣು, ಉಂಡೆ, ಚಿಕ್ಕಿ, ನಡುವೆ ಇಡ್ಲಿ, ಮಧ್ಯಾಹ್ನಕ್ಕೆ ಮೊಸರನ್ನ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಲೀಟರಿನ ಪೊಟ್ಟಣವನ್ನು ಲೀಟರಿಗೇ ಕಲಸಬೇಕು, ರುಚಿಗೆಂದು ಅರ್ಧ ಲೀಟರಿಗೆ ಸುರಿಯಬಾರದು. ಹಸಿವಾಗುವ ತನಕ ಕಾಯುವವರನ್ನು ಕಂಡರೆ ನನಗೆ ಸಂಕಟ. ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಈಗ ಹೆಂಗಸರಿಗೆ ಬಿಡಿಸಿ ಹೇಳಬೇಕಾದ ಎರಡು ವಿಷಯ.

ಒಂದು, ಶೌಚಾಲಯ. ದಾರಿಯಲ್ಲಿ ಎಲ್ಲಿ ಹೋಗುವುದು ಎಂಬ ಚಿಂತೆಗೆ ನಮ್ಮಲ್ಲಿ ಅನೇಕರು ನೀರನ್ನೇ ಕಡಿಮೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಬಿಸಿಲಲ್ಲಿ ಎಂಟು ಹತ್ತು ಗಂಟೆ ತುಳಿಯುವವರು ನೀರು ಬಿಟ್ಟರೆ ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಉರಿಮೂತ್ರ. ಪೆಟ್ರೋಲ್ ಬಂಕುಗಳಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿರುವುದೇ ಹೆಚ್ಚು, ಆದರೆ "ಅಣ್ಣ, ಬೀಗದ ಕೈ ಕೊಡಿ" ಎಂದು ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ ಗಟ್ಟಿಯಾಗಿ ಕೇಳಬೇಕು. ನಾನು ಹೋಗಿಬಂದ ರಸ್ತೆಗಳಲ್ಲಿ ಯಾವ ಬಂಕು, ಯಾವ ಹೋಟೆಲ್, ಯಾವ ಬಸ್ ನಿಲ್ದಾಣದ ಶೌಚಾಲಯ ಚೊಕ್ಕಟ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಗುಂಪಿನ ಹೆಂಗಸರೆಲ್ಲರ ಹತ್ತಿರ ಅದರ ಪ್ರತಿ ಇದೆ. ಸವಾರಿಗೆ ಮುಂಚೆ ನಾವು ಏರು ಇಳಿವಿನ ನಕ್ಷೆ ನೋಡಿಕೊಳ್ಳುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಿಕೊಳ್ಳುತ್ತೇವೆ.

ಎರಡು, ಕಬ್ಬಿಣ. ಹೋದ ವರ್ಷ ಕೆಲವು ತಿಂಗಳು ಬೆಟ್ಟದ ಅರ್ಧಕ್ಕೇ ಕಾಲು ಸೀಸದಂತೆ ಭಾರವಾಗುತ್ತಿತ್ತು. ನಿದ್ದೆ ಸರಿಯಾಗಿತ್ತು, ಊಟ ಸರಿಯಾಗಿತ್ತು, ಹಿಮೋಗ್ಲೋಬಿನ್ ಕೂಡ ಪರವಾಗಿಲ್ಲ ಎಂದು ಬಂದಿತ್ತು. ಡಾಕ್ಟರಮ್ಮ ಫೆರಿಟಿನ್ ಪರೀಕ್ಷೆ ಬರೆದುಕೊಟ್ಟರು. ದೇಹ ಕೂಡಿಟ್ಟುಕೊಂಡ ಕಬ್ಬಿಣ ಎಷ್ಟಿದೆ ಎಂದು ಹೇಳುವ ಪರೀಕ್ಷೆ ಅದು. ಹಿಮೋಗ್ಲೋಬಿನ್ ಇಳಿಯುವುದಕ್ಕೆ ಮುಂಚೆಯೇ ಈ ಉಗ್ರಾಣ ಬರಿದಾಗುತ್ತದೆ. ನನ್ನದು ತಳ ಕಂಡಿತ್ತು. ಪ್ರತಿ ತಿಂಗಳೂ ರಕ್ತ ಕಳೆದುಕೊಂಡು ಅದರ ಮೇಲೆ ಇಷ್ಟು ತುಳಿಯುವವರಲ್ಲಿ ಇದು ಸಾಮಾನ್ಯ ಎಂದರು. ಮಾತ್ರೆ ಕೊಟ್ಟರು, ಅದರ ಜೊತೆಗೆ ಊಟಕ್ಕೆ ಅಂಟಿಕೊಂಡಂತೆ ಕಾಫಿ ಟೀ ಕುಡಿಯಬಾರದು ಎಂದರು, ಕಬ್ಬಿಣ ಮೈಗೆ ಹತ್ತಲು ಅವು ಬಿಡುವುದಿಲ್ಲವಂತೆ. ತಿಂಡಿಯಾದ ಕೂಡಲೇ ಲೋಟ ಹಿಡಿಯುವ ಮನೆ ನಮ್ಮದು, ಆ ಕಾಫಿಯನ್ನು ಒಂದು ಗಂಟೆ ಮುಂದೆ ತಳ್ಳಿದ್ದು ಬೆಟ್ಟ ಹತ್ತಿದ್ದಕ್ಕಿಂತ ಕಷ್ಟವಾಯಿತು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ, ಊಟದ ಜೊತೆ ನೆಲ್ಲಿಕಾಯಿ. ಕೆಲವು ತಿಂಗಳಲ್ಲಿ ಕಾಲು ಹಗುರಾದವು. ಸುಮ್ಮನೆ ಸುಸ್ತು ಎಂದುಕೊಂಡು ಸಹಿಸುತ್ತಿರುವ ಅಕ್ಕತಂಗಿಯರು ಒಮ್ಮೆ ಪರೀಕ್ಷೆ ಮಾಡಿಸಿ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಬೇಡ.

600ರ ಲೆಕ್ಕಕ್ಕೆ ಬರುತ್ತೇನೆ. ತುಳಿಯುವಾಗ ಗಂಟೆಗೆ 20ರ ಸರಾಸರಿ ಬಂದರೆ 600ಕ್ಕೆ 30 ಗಂಟೆ. ಉಳಿಯುವ 10 ಗಂಟೆಯಲ್ಲಿ ನಿದ್ದೆ, ಊಟ, ಕಂಟ್ರೋಲಿನ ಮುದ್ರೆ, ಪಂಕ್ಚರ್ ಎಲ್ಲಾ ಆಗಬೇಕು. ವೇಗವನ್ನು 22ಕ್ಕೆ ಏರಿಸಿದರೆ ಉಳಿತಾಯವಾಗುವುದು ಮೂರು ಗಂಟೆಗೂ ಕಡಿಮೆ, ಅದಕ್ಕೆ ವರ್ಷವಿಡೀ ದುಡಿಯಬೇಕು. ಹತ್ತು ಕಡೆ ನಿಲ್ಲುವಾಗ ಒಂದೊಂದರಲ್ಲೂ ಕಾಲು ಗಂಟೆ ಉಳಿಸಿದರೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಆದ್ದರಿಂದ ಭಾನುವಾರಗಳಲ್ಲಿ ನಾನು ನಿಲ್ಲುವುದನ್ನೂ ಅಭ್ಯಾಸ ಮಾಡುತ್ತೇನೆ. ಇಳಿದ ಕೂಡಲೇ ಇಡ್ಲಿ ಹೇಳುವುದು, ಅದು ಬರುವಷ್ಟರಲ್ಲಿ ಬಾಟಲಿ ತುಂಬಿ ಶೌಚಕ್ಕೆ ಹೋಗಿ ಬರುವುದು, ಉಜ್ಜುವ ಕಡೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದು, ತಿನ್ನುವುದು, ಹೊರಡುವುದು. ಮೊಬೈಲ್ ಮುಟ್ಟುವುದಿಲ್ಲ. ಹೋಟೆಲಿನವರು "ಎಲ್ಲಿಂದ ಬಂದ್ರಿ ಮೇಡಂ, ಒಬ್ಬರೇನಾ?" ಎಂದು ಕೇಳಿದರೆ ಮಾತ್ರ ನಿಂತು ಉತ್ತರ ಕೊಡುತ್ತೇನೆ. ಅಷ್ಟು ದೂರ ಹೋದ ಮೇಲೆ ಆ ಮಾತನ್ನೂ ಉಳಿತಾಯ ಮಾಡಬೇಕೆಂದು ನನಗನ್ನಿಸುವುದಿಲ್ಲ.

ರಾತ್ರಿಯ ಅಭ್ಯಾಸಕ್ಕೆ ಮೂರು ಜನ ಹೆಂಗಸರು ಬೆಳಗಿನ ಜಾವ ಮೂರಕ್ಕೆ ಹೊರಡುತ್ತೇವೆ. ಮೈಮೇಲೆ ಹೊಳೆಯುವ ಜಾಕೆಟ್, ಹಿಂದೆ ಎರಡು ಕೆಂಪು ದೀಪ, ಒಂದು ಕೆಟ್ಟರೆ ಇನ್ನೊಂದು. ಬಣ್ಣ ಅಳಿಸಿಹೋದ ಹಂಪ್‌ಗಳು ಕತ್ತಲಲ್ಲಿ ಕೊನೆ ಗಳಿಗೆಗೆ ಕಾಣುತ್ತವೆ, ಊರು ಹತ್ತಿರವಾದಾಗ ಕೈಗಳು ಬ್ರೇಕಿನ ಮೇಲೇ ಇರಬೇಕು. ನಾಯಿಗಳು ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ಅಡ್ಡ ಹಿಡಿದು ನಡೆಯುತ್ತೇವೆ. ಓಡುವುದು ನಿಂತಾಗ ಬಹುಪಾಲು ನಾಯಿಗಳು ಸುಮ್ಮನಾಗುತ್ತವೆ.

ಯೋಜನೆ ಹೀಗಿದೆ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರೆ ಭಾನುವಾರ ರಾತ್ರಿ ಹತ್ತಕ್ಕೆ ಗಡುವು. 360ನೇ ಕಿಲೋಮೀಟರ್ ರಾತ್ರಿ ಎರಡೂವರೆಗೆ ಮುಟ್ಟಬೇಕು. ಅಲ್ಲಿನ ಕಂಟ್ರೋಲ್ ಮುಚ್ಚುವುದು ಆರಕ್ಕೆ, ಹಾಗಾಗಿ ಮೊದಲು ಮುದ್ರೆ ಹಾಕಿಸಿಕೊಂಡು ಆಮೇಲೆ ಮಲಗುವುದು. ಐದೂವರೆಗೆ ಮತ್ತೆ ರಸ್ತೆಗೆ. ಹತ್ತಿರದ ಲಾಡ್ಜ್ ಒಂದಕ್ಕೆ ಈಗಾಗಲೇ ಫೋನ್ ಮಾಡಿದ್ದೇನೆ. ನೆಲಮಹಡಿಯ ರೂಮು ಬೇಕು, ಮೂರೂ ಸೈಕಲ್ ಒಳಗೇ ಇಡುತ್ತೇವೆ, ಅಷ್ಟು ಹೊತ್ತಿನಲ್ಲಿ ಗೇಟು ತೆರೆಯಲು ಯಾರಾದರೂ ಎದ್ದಿರಬೇಕು ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಯೋಚಿಸಿ, "ವಾಚ್‌ಮನ್‌ಗೆ ಹೇಳಿರ್ತೀನಿ, ಬಿಸಿನೀರು ಎಷ್ಟೊತ್ತಿಗೆ ಇಡಿಸ್ಲಿ?" ಎಂದು ಕೇಳಿದರು.