‘ಅಲೋ’ ಅಂದ್ರೆ ಏನು ಮೇಡಂ? ಕೇಳಿದ ಎಲ್ಲರಿಗೂ ಸೇರಿಸಿ ಒಂದು ಉತ್ತರ

ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಪಾಠಕ್ಕೆ ಬರುವವರು, ಬಂದು ಬಿಟ್ಟವರು, ಅವರ ಅಕ್ಕತಂಗಿಯರು ಎಲ್ಲ ಸೇರಿ ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು: ‘ಮೇಡಂ, ಅಲೋ ಅಂದ್ರೆ ಅನುಮತಿ ತಾನೇ? ಒಂದೇ ಪದದಲ್ಲಿ ಹೇಳಿಬಿಡಿ.’ ಬೆಳಿಗ್ಗೆ ಆರಕ್ಕೆ ಕೇಳಿದವರಿದ್ದಾರೆ, ರಾತ್ರಿ ಹನ್ನೊಂದಕ್ಕೆ ಕೇಳಿದವರಿದ್ದಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುವುದು.

ನನಗೆ ಸಿಟ್ಟು ಬರುವುದು ಪ್ರಶ್ನೆಯ ಮೇಲಲ್ಲ. ಅದರ ಬಾಲಕ್ಕೆ ಅಂಟಿಕೊಂಡಿರುವ ‘ಒಂದೇ ಪದದಲ್ಲಿ’ ಅನ್ನುವ ಮಾತಿನ ಮೇಲೆ. ಹಾಗೆ ಒಂದೇ ಪದದಲ್ಲಿ ಹೇಳಿ ನಾನು ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಉಚ್ಚಾರ ಮುಗಿಸಿಬಿಡೋಣ. ಇಂಗ್ಲಿಷಿನ allow ಪದ ಅದು, ‘ಅಲೋ’ ಅಲ್ಲ, ‘ಅಲೌ’. ಕೌ, ನೌ, ಹೌ ಇದ್ದ ಹಾಗೆ. ಕೊನೆಯ ಮೂರು ಅಕ್ಷರ ‘ಲೋ’ ಅಂತ ಓದಿಸಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತವೆ. ಕನ್ನಡದಲ್ಲಿ ಮಾತಾಡುವಾಗ ‘ಅಲೋ ಮಾಡಲ್ಲ’ ಅಂದರೆ ನನ್ನದೇನೂ ತಕರಾರಿಲ್ಲ. ಅದು ಈಗ ನಮ್ಮದೇ ಮಾತು. ಇಂಗ್ಲಿಷ್ ವಾಕ್ಯದೊಳಗೆ ಮಾತ್ರ ಅಲೌ ಅನ್ನಿ.

ಇನ್ನು ಅರ್ಥ. ‘ಅನುಮತಿ’ ಅಂದರೆ ಪರ್ಮಿಶನ್, ಅದು ನಾಮಪದ. ಅಲೌ ಕ್ರಿಯಾಪದ. ಅದಕ್ಕೆ ಸರಿಯಾಗಿ ಕೂರುವ ಕನ್ನಡ ಮಾತು ನಿಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ: ಬಿಡು. ‘ಒಳಗೆ ಬಿಡಲ್ಲ’, ‘ಮಾತಾಡೋಕೆ ಬಿಡು’, ‘ಅಪ್ಪ ಹೋಗೋಕೆ ಬಿಡಲಿಲ್ಲ’. ಪರ್ಮಿಟ್ ಅನ್ನುವ ಪದದ ಲ್ಯಾಟಿನ್ ಬೇರಿನಲ್ಲಿರುವುದೂ ಇದೇ, ‘ಹಾದುಹೋಗಲು ಬಿಡು’ ಅಂತ. ಇಷ್ಟು ಚೆನ್ನಾಗಿರುವ ‘ಬಿಡು’ ಕೈಯಲ್ಲಿರುವಾಗ ಫೋನಿನ ಪರದೆಯ ಮೇಲೆ ‘ಅನುಮತಿಸಿ’ ಅಂತ ಬರೆದಿರುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಯಾರಾದರೂ ‘ನನ್ನನ್ನು ಅನುಮತಿಸಿ’ ಅಂದದ್ದು ಕೇಳಿದ್ದೀರಾ?

ಆದರೆ ಈ ‘ಬಿಡು’ವಿನಿಂದಲೇ ಒಂದು ತಪ್ಪು ಹುಟ್ಟುತ್ತದೆ. ‘ಅಪ್ಪ ಹೋಗೋಕೆ ಬಿಡಲಿಲ್ಲ’ ಅನ್ನುವುದರಲ್ಲಿ ‘ನನ್ನನ್ನು’ ಅಂತ ಇಲ್ಲ. ಹೇಳದೆಯೇ ಗೊತ್ತಾಗುತ್ತದೆ. ಹಾಗಾಗಿ ನಮ್ಮವರು ‘ಮೈ ಫಾದರ್ ಡಿಡ್ ನಾಟ್ ಅಲೌ ಟು ಗೋ’ ಅಂತಾರೆ. ಇಂಗ್ಲಿಷಿಗೆ ಅದು ಸಾಲದು. ಯಾರನ್ನು ಬಿಡಲಿಲ್ಲ? ‘ಡಿಡ್ ನಾಟ್ ಅಲೌ ಮಿ ಟು ಗೋ’. ಆ ‘ಮಿ’ ಬೇಕೇ ಬೇಕು. ಅದೇ ಅರ್ಥದ ಲೆಟ್ ಬಳಸಿದರೆ ‘ಟು’ ಬಿದ್ದುಹೋಗುತ್ತದೆ, ‘ಮಿ’ ಉಳಿಯುತ್ತದೆ: ‘ಡಿಡ್ ನಾಟ್ ಲೆಟ್ ಮಿ ಗೋ’. ಯಾರನ್ನು ಅಂತ ಹೇಳುವುದಿಲ್ಲವಾದರೆ ಮುಂದೆ ‘-ಇಂಗ್’ ಬರಬೇಕು: ‘ದೇ ಡೋಂಟ್ ಅಲೌ ಪಾರ್ಕಿಂಗ್’. ಮಾತಿಗೆ ಲೆಟ್, ಮಾತಿಗೂ ಬರಹಕ್ಕೂ ಅಲೌ, ಕಾಯಿದೆ ಕಾನೂನಿನ ಕಾಗದಕ್ಕೆ ಪರ್ಮಿಟ್. ಇಷ್ಟು ಗೊತ್ತಿದ್ದರೆ ವ್ಯಾಕರಣದ ಮಟ್ಟಿಗೆ ಸಾಕು.

ಪದದ ಹಿಂದಿನ ಕಥೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ, ನನಗೆ ಇಷ್ಟ. ಲ್ಯಾಟಿನ್‌ನ ಎರಡು ಬೇರೆ ಬೇರೆ ಪದಗಳು, ಒಂದು ‘ಹೊಗಳು’, ಇನ್ನೊಂದು ‘ಜಾಗ ಗೊತ್ತುಮಾಡು’, ಹಳೆಯ ಫ್ರೆಂಚಿನಲ್ಲಿ ಸವೆದು ಸವೆದು ಒಂದೇ ರೂಪಕ್ಕೆ ಬಂದುಬಿಟ್ಟವು. ಇಂಗ್ಲಿಷಿಗೆ ಬಂದಾಗ ಅಲೌ ಅಂದರೆ ಮೆಚ್ಚು, ಒಪ್ಪು, ಪಾಲು ಕೊಡು, ಎಲ್ಲವೂ ಹೌದು. ಸಂಬಳದ ಚೀಟಿಯಲ್ಲಿ ಡಿಎ, ಎಚ್‌ಆರ್‌ಎ ಅಂತ ನೋಡುತ್ತೀರಲ್ಲ, ಆ ಕೊನೆಯ ‘ಎ’ ಅಲೌಯನ್ಸ್. ಅದು ಭತ್ಯೆ. ನಿಮ್ಮ ಪಾಲಿಗೆ ಅಂತ ಗೊತ್ತುಮಾಡಿ ಬಿಟ್ಟುಕೊಟ್ಟ ದುಡ್ಡು. ಲೀವ್ ಅನ್ನುವುದಕ್ಕೂ ಹಳೆಯ ಅರ್ಥ ಒಪ್ಪಿಗೆ ಅಂತಲೇ. ನಮ್ಮ ‘ರಜೆ’ಯೂ ಅರಬ್ಬಿಯಲ್ಲಿ ಒಪ್ಪಿಗೆ ಅನ್ನುವ ಪದದಿಂದಲೇ ಬಂದದ್ದು. ‘ರಜೆ ಕೊಡಿ’ ಅಂತ ಕೇಳುವಾಗ ನಾವು ಕೇಳುತ್ತಿರುವುದು ಒಪ್ಪಿಗೆಯನ್ನೇ.

ಈಗ ಆ ಪೇಚಿನ ವಿಷಯ.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ, ನಮ್ಮವರೊಬ್ಬರನ್ನು ನೋಡಲು ಹೋಗಿ ವಾರ್ಡಿನ ಹೊರಗೆ ಕೂತಿದ್ದೆ. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ವಿಸಿಟರ್ಸ್ ನಾಟ್ ಅಲೌಡ್’ ಅಂತ ಬೋರ್ಡು. ಪಕ್ಕದಲ್ಲಿ ಒಬ್ಬರು ಯಜಮಾನರು. ಎರಡೂ ಕೈಯಲ್ಲಿ ಕನ್ನಡಕದ ಡಬ್ಬಿಯೊಂದನ್ನು ಹಿಡಿದುಕೊಂಡಿದ್ದರು. ಡಬ್ಬಿಯ ಕೀಲು ಸಡಿಲವಾಗಿ, ಬಾಯಿ ತೆರೆದುಕೊಳ್ಳದ ಹಾಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಒಳಗಿದ್ದದ್ದು ಅವರ ಹೆಂಡತಿಯ ಕನ್ನಡಕ. ಅವಸರದಲ್ಲಿ ಕರೆತರುವಾಗ ಮನೆಯಲ್ಲೇ ಮರೆತಿದ್ದರಂತೆ. ‘ಅದಿಲ್ಲದಿದ್ರೆ ಅವಳಿಗೆ ಏನೂ ಕಾಣಲ್ಲ, ಹೆದರ್ಕೋತಾಳೆ’ ಅಂದರು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರು. ಬಾಗಿಲ ಹುಡುಗ ‘ಅಲೋ ಇಲ್ಲ’ ಅಂದಿದ್ದನಂತೆ.

‘ಅಲೋ ಅಂದ್ರೆ ಏನು ತಾಯಿ?’ ಅಂತ ನನ್ನನ್ನು ಕೇಳಿದರು.

‘ಅನುಮತಿ’ ಅಂದೆ. ಒಂದೇ ಪದ. ‘ಅನುಮತಿ ಇಲ್ಲ ಅಂತ.’

ಅವರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. ‘ಹಂಗಾರೆ ಅನುಮತಿ ಕೊಡೋರು ಯಾರು? ಅವರನ್ನೇ ಕೇಳ್ತೀನಲ್ಲ’ ಅಂದರು.

ನಾನೂ ಬೋರ್ಡು ನೋಡಿದೆ. ಅದರಲ್ಲಿ ಉತ್ತರ ಇರಲಿಲ್ಲ. ಯಾರು ಬಿಡುವುದಿಲ್ಲ, ಯಾವ ಹೊತ್ತಿನಲ್ಲಿ ಬಿಡುವುದಿಲ್ಲ, ಯಾರನ್ನು ಕೇಳಿದರೆ ಬಿಡುತ್ತಾರೆ, ಒಂದೂ ಇಲ್ಲ. ‘ನಾಟ್ ಅಲೌಡ್’ ಅನ್ನುವುದನ್ನು ತರಗತಿಯಲ್ಲಿ ಕರ್ಮಣಿ ಪ್ರಯೋಗ ಅಂತ ಹೇಳಿಕೊಟ್ಟು, ‘ಇಲ್ಲಿ ಕರ್ತೃವನ್ನು ಹೇಳಬೇಕಾಗಿಲ್ಲ’ ಅಂತ ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಹೇಳಬೇಕಾಗಿಲ್ಲದ ಆ ಕರ್ತೃವನ್ನು ಹುಡುಕುತ್ತಾ ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಹಸಿದು ಕೂತಿದ್ದ.

ಎದ್ದು ಹೋಗಿ ನರ್ಸ್ ಒಬ್ಬರನ್ನು ಕೇಳಿದೆ. ಅವರು ಹೊರಗೆ ಬಂದು, ‘ಅಯ್ಯೋ, ಇಷ್ಟೊತ್ತು ಯಾಕೆ ಕೂತಿದ್ರಿ? ಕೇಳಿದ್ರೆ ಬಿಡ್ತಿದ್ವಲ್ಲ. ಎರಡು ನಿಮಿಷ ಹೋಗಿ ಕೊಟ್ಟು ಬನ್ನಿ’ ಅಂದರು. ಯಜಮಾನರು ಚಪ್ಪಲಿ ಬಿಟ್ಟು, ರಬ್ಬರ್ ಬ್ಯಾಂಡನ್ನು ಬಾಗಿಲಲ್ಲೇ ಬಿಚ್ಚಿ ಬೆರಳಿಗೆ ಸುತ್ತಿಕೊಂಡು ಒಳಗೆ ಹೋದರು.

ಅವತ್ತಿನಿಂದ ನಾನು ಒಂದೇ ಪದದ ಉತ್ತರ ಕೊಡುವುದು ಬಿಟ್ಟೆ. ಅಲೌ ಅಂದರೆ ಏನು ಅಂತ ಕೇಳಬೇಡಿ, ಯಾರು ಯಾರನ್ನು ಯಾವುದಕ್ಕೆ ಬಿಡುತ್ತಿದ್ದಾರೆ ಅಂತ ಕೇಳಿ. ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನಗೆ ಕೇಳಿದ್ದು ಆ ಯಜಮಾನರೊಬ್ಬರೇ.

ಪಾಸ್‌ಪೋರ್ಟ್ ಇದ್ದವರು ಅದರೊಳಗಿನ ಒಂದು ವಾಕ್ಯ ಓದಿ ನೋಡಿ. ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ, ಸಂಬಂಧಪಟ್ಟ ಎಲ್ಲರೂ, ಇದನ್ನು ಹೊಂದಿದವರನ್ನು ಅಡ್ಡಿ ಆತಂಕವಿಲ್ಲದೆ ಹೋಗಲು ಬಿಡಬೇಕು ಅಂತ ಕೇಳಿಕೊಂಡಿದೆ. ಅಲ್ಲಿರುವುದೂ ಅಲೌ ಪದವೇ. ಯಾರ ಹೆಸರಿನಲ್ಲಿ, ಯಾರು, ಯಾರನ್ನು, ಯಾವುದಕ್ಕೆ, ನಾಲ್ಕೂ ಇವೆ. ‘ಅಡ್ಡಿ’ ಅನ್ನುವುದಕ್ಕೆ ಅಲ್ಲಿ ಬಳಸಿರುವ ಪದ ಏನು ಗೊತ್ತೇ? ಲೆಟ್. ‘ವಿತೌಟ್ ಲೆಟ್ ಆರ್ ಹಿಂಡ್ರೆನ್ಸ್’. ಬಿಡು ಅನ್ನುವ ಲೆಟ್ ಬೇರೆ, ತಡೆ ಅನ್ನುವ ಈ ಹಳೆಯ ಲೆಟ್ ಬೇರೆ. ಎರಡೂ ಹಳೆಯ ಇಂಗ್ಲಿಷಿನವು, ಕಾಲಾಂತರದಲ್ಲಿ ಒಂದೇ ಮುಖ ತಾಳಿದವು. ಒಂದೇ ಪದದಲ್ಲಿ ಅರ್ಥ ಕೇಳುವವರು ಈ ಸಾಲನ್ನು ಹೇಗೆ ಓದುತ್ತಾರೋ ನೋಡೋಣ.

ಇನ್ನು ಫೋನು. ನಿಮ್ಮ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ‘ಮೇಡಂ, ಅಲೋ ಕೇಳ್ತಾ ಇದೆ, ಒತ್ತಲಾ?’ ಅನುಮತಿ ಕೊಡಲು ನನ್ನ ಅನುಮತಿ ಕೇಳುತ್ತೀರಿ! ಆಸ್ಪತ್ರೆಯ ಬಾಗಿಲಲ್ಲಿ ಬಿಡುವವರು ಬೇರೆಯವರು. ಫೋನಿನಲ್ಲಿ ಬಿಡುವವರು ನೀವು. ಅಲ್ಲಿ ಬಾಗಿಲ ಹೊರಗೆ ನಿಂತಿರುವುದು ಆ್ಯಪ್. ಆಂಡ್ರಾಯ್ಡ್‌ನಲ್ಲಿ 2015ರ ಆರನೇ ಆವೃತ್ತಿಗೆ ಮೊದಲು, ಇನ್‌ಸ್ಟಾಲ್ ಮಾಡುವಾಗಲೇ ಎಲ್ಲಕ್ಕೂ ಒಟ್ಟಿಗೆ ಹೂಂ ಅನ್ನಬೇಕಿತ್ತು. ಆಮೇಲೆ ಕ್ಯಾಮೆರಾ, ಮೈಕು, ಲೊಕೇಶನ್ ಒಂದೊಂದಕ್ಕೂ ಬೇರೆ ಬೇರೆ ಕೇಳುವುದು ಶುರುವಾಯಿತು. 2020ರ ಹನ್ನೊಂದನೇ ಆವೃತ್ತಿಯಲ್ಲಿ ‘ಓನ್ಲಿ ದಿಸ್ ಟೈಮ್’ ಅನ್ನುವುದೂ ಬಂತು. ಈ ಸಲಕ್ಕೆ ಮಾತ್ರ ಬಿಡುತ್ತೇನೆ ಅಂತ. ಎಷ್ಟು ಒಳ್ಳೆಯ ಸಾಲು ಅದು, ಬಳಸಿ. ಟಾರ್ಚ್ ಹೊತ್ತಿಸುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ ‘ಡೋಂಟ್ ಅಲೌ’ ಒತ್ತಿ. ಫೋನ್ ಕೆಡುವುದಿಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದೆ ಬೇಕಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸಬಹುದು.

ಇಷ್ಟಾದ ಮೇಲೂ ಫೋನಿನ ಪರದೆಯ ಫೋಟೊ ನನಗೆ ಕಳಿಸಲೇಬೇಕು ಅನ್ನಿಸಿದರೆ ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ‘ಅಲೌ’ ಅನ್ನುವ ಬಟನ್ ಒಂದನ್ನೇ ಕತ್ತರಿಸಿ ಕಳಿಸಬೇಡಿ. ಯಾವ ಆ್ಯಪ್, ಏನು ಮಾಡಲು ಕೇಳುತ್ತಿದೆ ಅನ್ನುವುದು ಅದರ ಮೇಲಿನ ಸಾಲಿನಲ್ಲಿರುತ್ತದೆ. ಆ ಸಾಲೂ ಫೋಟೊದಲ್ಲಿ ಬರಲಿ.